ಏರಿ ಎಂದ ಯಂತ್ರ, ಇಳಿಯಿರಿ ಎಂದ ಕಂಟ್ರೋಲರ್: ಉಬರ್ಲಿಂಗೆನ್ ಪ್ರಕರಣ

2002ರ ಜುಲೈ 1. ರಾತ್ರಿ 11 ಗಂಟೆ 35 ನಿಮಿಷ. ಜರ್ಮನಿಯ ದಕ್ಷಿಣದ ಅಂಚಿನಲ್ಲಿ, ಕಾನ್‌ಸ್ಟನ್ಸ್ ಸರೋವರದ ದಡದಲ್ಲಿರುವ ಉಬರ್ಲಿಂಗೆನ್ ಊರಿನ ಬಳಿ, ಸುಮಾರು 35 ಸಾವಿರ ಅಡಿ ಎತ್ತರದಲ್ಲಿ ಎರಡು ವಿಮಾನಗಳು ಡಿಕ್ಕಿಯಾದವು. ಒಂದು ಮಾಸ್ಕೋದಿಂದ ಬಾರ್ಸಿಲೋನಾಕ್ಕೆ ಹೊರಟಿದ್ದ ಬಾಷ್ಕಿರಿಯನ್ ಏರ್‌ಲೈನ್ಸ್‌ನ ಟುಪೋಲೆವ್ 154. ಅದರಲ್ಲಿ 69 ಜನ. ಹೆಚ್ಚಿನವರು ರಜೆ ಕಳೆಯಲು ಸ್ಪೇನ್‌ಗೆ ಹೊರಟಿದ್ದ ರಷ್ಯಾದ ಉಫಾ ನಗರದ ಶಾಲಾ ಮಕ್ಕಳು. ಇನ್ನೊಂದು, ಬಹ್ರೇನ್‌ನಿಂದ ಹೊರಟು ಇಟಲಿಯ ಬೆರ್ಗಮೋದಲ್ಲಿ ಇಳಿದು ಬ್ರಸೆಲ್ಸ್‌ಗೆ ಹೋಗುತ್ತಿದ್ದ ಡಿಎಚ್‌ಎಲ್ ಸರಕು ವಿಮಾನ, ಬೋಯಿಂಗ್ 757. ಅದರಲ್ಲಿ ಇದ್ದದ್ದು ಇಬ್ಬರು ಪೈಲಟ್‌ಗಳು ಮಾತ್ರ. ಒಟ್ಟು 71 ಜನ. ಒಬ್ಬರೂ ಉಳಿಯಲಿಲ್ಲ.

ಮೋಡ ಇರಲಿಲ್ಲ, ಮಳೆ ಇರಲಿಲ್ಲ. ಎರಡೂ ವಿಮಾನಗಳು ಚೆನ್ನಾಗಿದ್ದವು. ಎರಡರಲ್ಲೂ ಡಿಕ್ಕಿ ತಪ್ಪಿಸುವ ಕಂಪ್ಯೂಟರ್ ಇತ್ತು. ಅವೆರಡೂ ಅಪಾಯವನ್ನು ಸಮಯಕ್ಕೆ ಸರಿಯಾಗಿ ಗುರುತಿಸಿ ಸರಿಯಾದ ಸಲಹೆಯನ್ನೇ ಕೊಟ್ಟವು.

ಈ ಕತೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಯಂತ್ರ ‘ಏರು’ ಅಂತು, ರಷ್ಯನ್ ಪೈಲಟ್‌ಗಳು ಮನುಷ್ಯನ ಮಾತು ಕೇಳಿ ಇಳಿದರು, ಸತ್ತರು. ಸುಳ್ಳೇನಲ್ಲ. ಆದರೆ ಜರ್ಮನಿಯ ವಿಮಾನ ಅಪಘಾತ ತನಿಖಾ ಸಂಸ್ಥೆ 2004ರಲ್ಲಿ ಕೊಟ್ಟ ವರದಿಯನ್ನು ಓದುತ್ತಾ ಹೋದರೆ ಬೇರೆಯೇ ಒಂದು ಚಿತ್ರ ಕಾಣುತ್ತದೆ. ಆ ರಾತ್ರಿ ಅಪಾಯ ಕಂಡ ಕಂಪ್ಯೂಟರ್‌ಗಳು ಎರಡಲ್ಲ, ನಾಲ್ಕು. ವಿಮಾನಗಳಲ್ಲಿ ಎರಡು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಒಂದು, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಇನ್ನೊಂದು. ನಾಲ್ಕೂ ಕೂಗಿದವು. ವಿಮಾನಗಳಿಗೆ ಆದೇಶ ಕೊಡುತ್ತಿದ್ದ ಒಬ್ಬ ಮನುಷ್ಯನಿಗೆ ಮಾತ್ರ ನಾಲ್ಕರಲ್ಲಿ ಒಂದೂ ಕೇಳಿಸಲಿಲ್ಲ.

ಜ್ಯೂರಿಕ್‌ನ ಕೋಣೆ

ಉಬರ್ಲಿಂಗೆನ್ ಇರುವುದು ಜರ್ಮನಿಯಲ್ಲಾದರೂ ಅದರ ಮೇಲಿನ ಆಕಾಶವನ್ನು ನೋಡಿಕೊಳ್ಳುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ಸ್ಕೈಗೈಡ್ ಎಂಬ ಸಂಸ್ಥೆ. ರಾತ್ರಿ ಪಾಳಿಗೆ ಇಬ್ಬರು ಕಂಟ್ರೋಲರ್‌ಗಳಿದ್ದರು, ಅಂದರೆ ನೆಲದಿಂದ ರೇಡಾರ್ ನೋಡುತ್ತಾ ರೇಡಿಯೋದಲ್ಲಿ ವಿಮಾನಗಳಿಗೆ ದಾರಿ ಹೇಳುವವರು. ರಾತ್ರಿ ವಿಮಾನ ಕಡಿಮೆ. ಹಾಗಾಗಿ ಒಬ್ಬರು ಕೆಲಸ ನೋಡಿಕೊಂಡು ಇನ್ನೊಬ್ಬರು ಹೋಗಿ ಮಲಗುವುದು ಅಲ್ಲಿನ ರೂಢಿ. ಕಾಗದದ ಮೇಲೆ ಎಲ್ಲೂ ಇರಲಿಲ್ಲ, ಆದರೆ ಎಷ್ಟೋ ವರ್ಷಗಳಿಂದ ನಡೆದುಕೊಂಡು ಬಂದಿತ್ತು, ಆಡಳಿತಕ್ಕೂ ಗೊತ್ತಿತ್ತು. ನಮ್ಮಲ್ಲೂ ನೈಟ್ ಶಿಫ್ಟ್ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಲ್ವಾ? ಅವತ್ತೂ ಒಬ್ಬರು 11 ಗಂಟೆ ದಾಟುತ್ತಿದ್ದಂತೆ ವಿಶ್ರಾಂತಿಗೆ ಹೋದರು.

ಉಳಿದ ಕಂಟ್ರೋಲರ್ ಒಬ್ಬರೇ ಎರಡು ಮೇಜು ನೋಡಬೇಕಿತ್ತು. ಎರಡು ರೇಡಾರ್ ಪರದೆ, ಎರಡು ರೇಡಿಯೋ ಆವರ್ತನ. ಒಂದರಲ್ಲಿ ಮೇಲೆ ಹಾದುಹೋಗುವ ವಿಮಾನಗಳು. ಇನ್ನೊಂದರಲ್ಲಿ ಫ್ರೀಡ್ರಿಕ್ಸ್‌ಹಾಫೆನ್ ಎಂಬ ಸಣ್ಣ ನಿಲ್ದಾಣಕ್ಕೆ ತಡವಾಗಿ ಬರುತ್ತಿದ್ದ ಒಂದು ಏರ್‌ಬಸ್ 320. ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತಾ ಎರಡೂ ಕಡೆ ಮಾತಾಡಬೇಕು.

ಅವತ್ತೇ ತಂತ್ರಜ್ಞರು ರೇಡಾರ್ ವ್ಯವಸ್ಥೆಯ ರಿಪೇರಿ ಕೆಲಸ ಇಟ್ಟುಕೊಂಡಿದ್ದರು. ರಾತ್ರಿಯೇ ಮಾಡಬೇಕಾದ ಕೆಲಸ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಕೆಲಸದಿಂದಾಗಿ ಮುಖ್ಯ ವ್ಯವಸ್ಥೆ ಬದಲಿ ಕ್ರಮದಲ್ಲಿ ಓಡುತ್ತಿತ್ತು. ಪರದೆಯ ಮೇಲೆ ವಿಮಾನಗಳು ಕಾಣುತ್ತಿದ್ದವು, ಎತ್ತರವೂ ಕಾಣುತ್ತಿತ್ತು. ಕಾಣದೆ ಹೋದದ್ದರಲ್ಲಿ ಮುಖ್ಯವಾದದ್ದು ಒಂದು. ಎರಡು ವಿಮಾನ ತೀರಾ ಹತ್ತಿರ ಬರುತ್ತಿದ್ದರೆ ಕೆಲವು ನಿಮಿಷ ಮೊದಲೇ ಪರದೆಯ ಮೇಲೆ ಎಚ್ಚರಿಸುವ ಸೌಲಭ್ಯ ಆ ಹೊತ್ತಿಗೆ ಬಂದ್ ಆಗಿತ್ತು. ಅದು ಬಂದ್ ಆಗಿದೆ ಅನ್ನುವುದು ಕಂಟ್ರೋಲರ್‌ಗೆ ಗೊತ್ತಿರಲಿಲ್ಲ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ ವಿವರ. ಕೆಟ್ಟು ನಿಂತ ಉಪಕರಣದ ಜೊತೆ ಕೆಲಸ ಮಾಡುವುದು ಮನುಷ್ಯರಿಗೆ ಗೊತ್ತು. ಪರದೆ ಕಪ್ಪಾದರೆ ಫೋನ್ ಎತ್ತುತ್ತೇವೆ, ಪಕ್ಕದವರನ್ನು ಕರೆಯುತ್ತೇವೆ. ಆದರೆ ಎಚ್ಚರಿಕೆ ಕೊಡುವ ಉಪಕರಣದ ಸ್ವಭಾವ ಬೇರೆ. ಅದು ಸರಿಯಾಗಿದ್ದು ಅಪಾಯ ಇಲ್ಲದಿದ್ದಾಗಲೂ ಸುಮ್ನಿರುತ್ತದೆ, ಕೆಟ್ಟಿದ್ದಾಗಲೂ ಸುಮ್ನಿರುತ್ತದೆ. ಎರಡೂ ಮೌನ ಒಂದೇ ಥರ ಕೇಳಿಸುತ್ತದೆ. ರಿಪೇರಿಯ ಬಗ್ಗೆ ಬರೆದಿಟ್ಟ ಸೂಚನೆಗಳು ಇದ್ದವು. ಯಾವ ಕೆಲಸ ನಡೆಯುತ್ತದೆ ಅಂತ ಅವು ಹೇಳುತ್ತಿದ್ದವು. ಅದರಿಂದ ನಿನಗೆ ಇವತ್ತು ಏನು ಸಿಗುವುದಿಲ್ಲ ಅಂತ ಹೇಳಿರಲಿಲ್ಲ.

ಇಷ್ಟು ಸಾಲದು ಅಂತ ಫೋನು. ಪಕ್ಕದ ನಿಯಂತ್ರಣ ಕೇಂದ್ರಗಳ ಜೊತೆ ಮಾತಾಡುವ ನೇರ ಲೈನನ್ನೂ ಅದೇ ರಿಪೇರಿಗಾಗಿ ಕೆಲವು ನಿಮಿಷ ತೆಗೆದಿದ್ದರು. ಬದಲಿ ಲೈನ್ ಇತ್ತು. ಅದರಲ್ಲಿ ದೋಷವಿತ್ತು, ಅದು ಯಾರ ಗಮನಕ್ಕೂ ಬಂದಿರಲಿಲ್ಲ. ತಡವಾಗಿ ಬಂದ ಏರ್‌ಬಸ್ಸನ್ನು ಫ್ರೀಡ್ರಿಕ್ಸ್‌ಹಾಫೆನ್‌ಗೆ ಒಪ್ಪಿಸಲು ಕಂಟ್ರೋಲರ್ ಮತ್ತೆ ಮತ್ತೆ ಫೋನ್ ಹಚ್ಚಿದರು. ಲೈನ್ ಸಿಗಲಿಲ್ಲ. ಆ ಕೆಲವು ನಿಮಿಷ ಅವರ ಗಮನವೆಲ್ಲ ಅಲ್ಲೇ ಹೋಯಿತು. ಅಷ್ಟರಲ್ಲಿ ಪಕ್ಕದ ಪರದೆಯಲ್ಲಿ ಎರಡು ಚುಕ್ಕೆಗಳು 36,000 ಅಡಿಯ ಒಂದೇ ಮಟ್ಟದಲ್ಲಿ ಹತ್ತಿರವಾಗುತ್ತಿದ್ದವು. ಬೋಯಿಂಗ್ ದಕ್ಷಿಣದಿಂದ ಉತ್ತರಕ್ಕೆ, ಟುಪೋಲೆವ್ ಪೂರ್ವದಿಂದ ಪಶ್ಚಿಮಕ್ಕೆ.

ಅದನ್ನು ಮೊದಲು ನೋಡಿದ್ದು ಕಾರ್ಲ್ಸ್‌ರೂಹೆ ಕೇಂದ್ರ. ಅವರ ಎಚ್ಚರಿಕೆ ವ್ಯವಸ್ಥೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಡಿಕ್ಕಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಸಮಯ ಇರುವಾಗಲೇ ಅಲ್ಲಿನ ಪರದೆ ಅಪಾಯ ತೋರಿಸಿತು. ಅಲ್ಲಿನ ಕಂಟ್ರೋಲರ್ ಜ್ಯೂರಿಕ್‌ಗೆ ಫೋನ್ ಹಚ್ಚಿದರು. 11 ಸಲ ಪ್ರಯತ್ನಿಸಿದರು ಎನ್ನುತ್ತದೆ ವರದಿ. ವಿಮಾನಗಳು ಇದ್ದದ್ದು ಜ್ಯೂರಿಕ್‌ನ ಆವರ್ತನದಲ್ಲಿ. ಕಣ್ಣ ಮುಂದೆ ನಡೆಯುತ್ತಿರುವುದನ್ನು ನೋಡುತ್ತಾ ಫೋನ್ ಹಿಡಿದು ಕೂರುವುದಷ್ಟೇ ಅವರಿಗೆ ಉಳಿದದ್ದು.

ಐವತ್ತು ಸೆಕೆಂಡು

ಮುಂದಿನದ್ದನ್ನು ಗಡಿಯಾರ ಹಿಡಿದೇ ನೋಡಬೇಕು. ಎರಡೂ ವಿಮಾನಗಳಲ್ಲಿದ್ದ ಉಪಕರಣದ ಹೆಸರು ಟಿಕಾಸ್. ಅದು ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತು, ಎತ್ತರ ತಿಳಿಸುವ ರೇಡಿಯೋ ಉಪಕರಣ) ಜೊತೆ ಮಾತಾಡಿ ದೂರ, ಎತ್ತರ ಲೆಕ್ಕ ಹಾಕುತ್ತದೆ. ಮೊದಲು ‘ಟ್ರಾಫಿಕ್, ಟ್ರಾಫಿಕ್’ ಅಂತ ಎಚ್ಚರಿಸುತ್ತದೆ. ಅಪಾಯ ಇನ್ನೂ ಹತ್ತಿರ ಬಂದರೆ ‘ಏರಿ’ ಅಥವಾ ‘ಇಳಿಯಿರಿ’ ಅಂತ ಸಲಹೆ ಕೊಡುತ್ತದೆ. ಎಡಕ್ಕೆ ಬಲಕ್ಕೆ ತಿರುಗಿ ಅಂತ ಹೇಳುವುದಿಲ್ಲ, ಯಾಕೆಂದರೆ ಎದುರಿನ ವಿಮಾನ ಯಾವ ದಿಕ್ಕಿನಲ್ಲಿದೆ ಅನ್ನುವುದನ್ನು ಅದು ಅಷ್ಟು ನಿಖರವಾಗಿ ಅಳೆಯಲಾರದು. ಎತ್ತರ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು.

ಅದರ ನಿಜವಾದ ಜಾಣತನ ಇರುವುದು ಇನ್ನೊಂದು ಕಡೆ. ಕಿರಿದಾದ ಓಣಿಯಲ್ಲಿ ಇಬ್ಬರು ಎದುರಾದಾಗ ಇಬ್ಬರೂ ಒಂದೇ ಕಡೆ ಸರಿದು ಮುಖಾಮುಖಿ ನಿಲ್ಲುವುದಿಲ್ವಾ, ಹಾಗಾಗದಂತೆ ಎರಡು ವಿಮಾನಗಳ ಟಿಕಾಸ್‌ಗಳು ತಮ್ಮೊಳಗೇ ಮಾತಾಡಿಕೊಂಡು, ನೀನು ಮೇಲೆ ನಾನು ಕೆಳಗೆ ಅಂತ ಒಪ್ಪಂದ ಮಾಡಿಕೊಳ್ಳುತ್ತವೆ.

11:34:42. ಎರಡೂ ಕಾಕ್‌ಪಿಟ್‌ಗಳಲ್ಲಿ ‘ಟ್ರಾಫಿಕ್, ಟ್ರಾಫಿಕ್’. ಬೋಯಿಂಗ್‌ನ ಸಹ ಪೈಲಟ್ ಆಗ ತಾನೇ ಶೌಚಾಲಯಕ್ಕೆಂದು ಸೀಟು ಬಿಟ್ಟು ಎದ್ದಿದ್ದರು.

11:34:49. ಜ್ಯೂರಿಕ್‌ನ ಕಂಟ್ರೋಲರ್ ಈಗ ಅಪಾಯವನ್ನು ಗಮನಿಸಿ ಟುಪೋಲೆವ್‌ಗೆ ಹೇಳುತ್ತಾರೆ: 35,000 ಅಡಿಗೆ ಬೇಗ ಇಳಿಯಿರಿ, ಅಡ್ಡ ಬರುವ ವಿಮಾನ ಇದೆ. ಅವರ ಕಡೆಯಿಂದ ಇದು ತಡವಾದ ಆದೇಶ, ಆದರೆ ತಪ್ಪು ಆದೇಶ ಅಲ್ಲ. ಬೋಯಿಂಗ್ ಇದ್ದಲ್ಲೇ ಇದ್ದಿದ್ದರೆ ಇದರಿಂದಲೇ ಡಿಕ್ಕಿ ತಪ್ಪಬಹುದಿತ್ತು.

11:34:56. ಏಳು ಸೆಕೆಂಡು ಕಳೆದಿದೆ. ಟುಪೋಲೆವ್ ಮೂಗು ಕೆಳಗೆ ಮಾಡಲು ಶುರು ಮಾಡಿದೆ. ಅದೇ ಕ್ಷಣ ಅದರ ಟಿಕಾಸ್ ‘ಏರಿ, ಏರಿ’ ಅನ್ನುತ್ತದೆ. ಬೋಯಿಂಗ್‌ನ ಟಿಕಾಸ್ ‘ಇಳಿಯಿರಿ’ ಅನ್ನುತ್ತದೆ. ಬೋಯಿಂಗ್‌ನವರು ಇಳಿಯತೊಡಗುತ್ತಾರೆ.

ಟುಪೋಲೆವ್‌ನ ಕಾಕ್‌ಪಿಟ್‌ನಲ್ಲಿ ಆಗ ಐವರು ಇದ್ದರು. ಎಡ ಸೀಟಿನಲ್ಲಿದ್ದ ಕ್ಯಾಪ್ಟನ್‌ಗೆ ಅವತ್ತು ಪರೀಕ್ಷೆಯ ಹಾರಾಟ. ಬಲ ಸೀಟಿನಲ್ಲಿ ಕೂತು ಅವರನ್ನು ಅಳೆಯುತ್ತಿದ್ದ ಹಿರಿಯ ತರಬೇತುದಾರರೇ ವಿಮಾನದ ಮುಖ್ಯಸ್ಥರು. ಮಾಮೂಲಿ ಸಹ ಪೈಲಟ್ ಹಿಂದೆ ಕೂತಿದ್ದರು, ಈ ಹಾರಾಟದಲ್ಲಿ ಅವರಿಗೆ ಅಧಿಕೃತ ಕೆಲಸವೇನೂ ಇರಲಿಲ್ಲ. ‘ಏರಿ ಅಂತಿದೆ’ ಎಂದು ಬಾಯಿಬಿಟ್ಟು ಹೇಳಿದ್ದು ಆ ಹಿಂದೆ ಕೂತವರು. ಅದಕ್ಕೆ ಬಂದ ಉತ್ತರ, ಕಂಟ್ರೋಲರ್ ನಮ್ಮನ್ನು ಕೆಳಗೆ ಇಳಿಸುತ್ತಿದ್ದಾರೆ ಅಂತ. ಹಿಂದೆ ಕೂತವರ ಮುಂದಿನ ಮಾತಿನಲ್ಲಿ ಅನುಮಾನ ಇತ್ತು, ಇಳಿಯೋದಾ ಅಂತ. ಅನುಮಾನ ಬೆಳೆಯುವಷ್ಟು ಸಮಯ ಸಿಗಲಿಲ್ಲ.

11:35:03. ಟುಪೋಲೆವ್‌ನಿಂದ ಉತ್ತರ ಬರದ ಕಾರಣ ಕಂಟ್ರೋಲರ್ ಮತ್ತೆ ಆದೇಶ ಕೊಡುತ್ತಾರೆ, ಇನ್ನೂ ಒತ್ತಿ: ಬೇಗ ಇಳಿಯಿರಿ. ಎದುರಿನ ವಿಮಾನ ನಿಮ್ಮ ಬಲ ಮುಂಭಾಗದಲ್ಲಿ ಎರಡು ಗಂಟೆಯ ದಿಕ್ಕಿನಲ್ಲಿದೆ ಅಂತಲೂ ಸೇರಿಸುತ್ತಾರೆ. ಬೋಯಿಂಗ್ ಇದ್ದದ್ದು ಎಡಗಡೆ, ಹತ್ತು ಗಂಟೆಯ ದಿಕ್ಕಿನಲ್ಲಿ. ಒಂದು ವಿಮಾನದ ಕಡೆಯಿಂದ ನೋಡಬೇಕಾದದ್ದನ್ನು ಇನ್ನೊಂದರ ಕಡೆಯಿಂದ ನೋಡಿಬಿಟ್ಟರು ಅಂತ ಕಾಣುತ್ತದೆ. ಟುಪೋಲೆವ್‌ನವರಿಗೆ ಇದರಿಂದ ಎಂಥ ಗೊಂದಲ ಆಗಿರಬೇಕು ನೋಡಿ. ತಮ್ಮ ಟಿಕಾಸ್ ಪರದೆಯಲ್ಲಿ ವಿಮಾನ ಎಡಕ್ಕಿದೆ. ಕಂಟ್ರೋಲರ್ ಬಲಕ್ಕಿದೆ ಅನ್ನುತ್ತಿದ್ದಾರೆ. ಹಾಗಾದರೆ ಪರದೆಗೆ ಕಾಣದ ಇನ್ನೊಂದು ವಿಮಾನ ಇದೆಯಾ?

ಈ ಹೊತ್ತಿಗೆ ಜ್ಯೂರಿಕ್‌ನಲ್ಲಿ ನಾಲ್ಕನೇ ಕಂಪ್ಯೂಟರೂ ಕೂಗಿಯಾಗಿತ್ತು. ಪರದೆಯ ಮೇಲಿನ ಎಚ್ಚರಿಕೆ ಬಂದ್ ಆಗಿದ್ದರೂ ಕೊನೆಯ ಹಂತದ ಶಬ್ದದ ಎಚ್ಚರಿಕೆ ಉಳಿದಿತ್ತು. ಡಿಕ್ಕಿಗೆ 32 ಸೆಕೆಂಡು ಇರುವಾಗ ಅದು ಸದ್ದು ಮಾಡಿದ ದಾಖಲೆ ಇದೆ. ಕೋಣೆಯಲ್ಲಿದ್ದ ಯಾರಿಗೂ ಅದು ಕೇಳಿಸಿದ ನೆನಪಿಲ್ಲ.

ಟುಪೋಲೆವ್ ಇಳಿಯುತ್ತಿದೆ, ಸಮಸ್ಯೆ ಬಗೆಹರಿಯಿತು ಅಂದುಕೊಂಡ ಕಂಟ್ರೋಲರ್ ಏರ್‌ಬಸ್‌ನ ಕಡೆಗೆ ತಿರುಗಿದರು. ಬೋಯಿಂಗ್‌ನವರು ‘ಟಿಕಾಸ್ ಪ್ರಕಾರ ಇಳಿಯುತ್ತಿದ್ದೇವೆ’ ಅಂತ ರೇಡಿಯೋದಲ್ಲಿ ಹೇಳಿದ್ದು 11:35:19ಕ್ಕೆ. ಸಲಹೆ ಬಂದು 23 ಸೆಕೆಂಡಾಗಿತ್ತು. ಆ ಮಾತು ಕಂಟ್ರೋಲರ್‌ಗೆ ಕೇಳಿಸಲಿಲ್ಲ. ಅವರ ರೇಡಾರ್ ಚಿತ್ರ ಹೊಸದಾಗುತ್ತಿದ್ದದ್ದು ಸುಮಾರು 12 ಸೆಕೆಂಡಿಗೊಮ್ಮೆ. ಬೋಯಿಂಗ್ ಕೂಡ ಇಳಿಯುತ್ತಿದೆ ಅನ್ನುವುದು ಪರದೆಯಲ್ಲಿ ಮೂಡುವ ಹೊತ್ತಿಗೆ ಹೇಳಿ ಪ್ರಯೋಜನವಾಗುವ ಕಾಲ ಮೀರಿತ್ತು.

11:35:24. ಟುಪೋಲೆವ್‌ನಲ್ಲಿ ‘ಇನ್ನೂ ಜಾಸ್ತಿ ಏರಿ’. ಹಿಂದೆ ಕೂತವರು ಮತ್ತೊಮ್ಮೆ ಹೇಳಿದರು, ಏರಿ ಅಂತಿದೆ.

11:35:32.

ಯಾಕೆ ಇಳಿದರು?

ಪೈಲಟ್‌ಗಳು ಹಟಮಾರಿಗಳೂ ಅಲ್ಲ, ಹೊಸಬರೂ ಅಲ್ಲ. ಅವರಿಗೆ ಕೊಟ್ಟಿದ್ದ ಕೈಪಿಡಿಯನ್ನು ನೋಡಿದರೆ ಅವರು ಮಾಡಿದ್ದು ಅರ್ಥವಾಗುತ್ತದೆ. ಡಿಕ್ಕಿ ತಪ್ಪಿಸಲು ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಲ್ಲಿ ನೋಡುವುದು ಮತ್ತು ಕಂಟ್ರೋಲರ್ ಆದೇಶ ಪಾಲಿಸುವುದು, ಟಿಕಾಸ್ ಹೆಚ್ಚುವರಿ ಸಾಧನ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಅದೇ ಕೈಪಿಡಿಯ ಇನ್ನೊಂದು ಕಡೆ, ಟಿಕಾಸ್ ಹೇಳಿದ್ದಕ್ಕೆ ವಿರುದ್ಧವಾಗಿ ಹೋಗಬಾರದು ಅಂತಲೂ ಇತ್ತು. ಟಿಕಾಸ್ ತಯಾರಿಸಿದ ಕಂಪನಿಯ ಪುಸ್ತಕ ಅದನ್ನು ವಾಯು ಸಂಚಾರ ನಿಯಂತ್ರಣದ ಹಿಂದಿನ ಆಸರೆ ಅಂತ ಕರೆದಿತ್ತು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ, ಪೈಲಟ್ ತನ್ನ ವಿವೇಚನೆ ಬಳಸಬಹುದು ಅಂತ ಜಾಗ ಬಿಟ್ಟಿತ್ತು.

ಬಿಡುವಿನಲ್ಲಿ ಓದಿದರೆ ಈ ಎಲ್ಲ ವಾಕ್ಯಗಳೂ ಒಪ್ಪಿಗೆಯಾಗುತ್ತವೆ. ಯಂತ್ರ ಸಹಾಯಕ್ಕೆ, ನಿರ್ಧಾರ ಮನುಷ್ಯನದ್ದು ಅನ್ನುವುದು ಕೇಳಲು ಚೆಂದ. ಈಗಲೂ ಆಸ್ಪತ್ರೆಗೆ, ಬ್ಯಾಂಕಿಗೆ, ಸರ್ಕಾರಿ ಕಚೇರಿಗೆ ಸಾಫ್ಟ್‌ವೇರ್ ಮಾರುವವರು ಇದೇ ಮಾತು ಹೇಳುತ್ತಾರೆ, ಕೊಳ್ಳುವವರು ತಲೆಯಾಡಿಸುತ್ತಾರೆ. ಎರಡೂ ಒಂದೇ ಮಾತು ಹೇಳುವಷ್ಟು ದಿನ ಯಾವ ತೊಂದರೆಯೂ ಇಲ್ಲ. ಎರಡೂ ಬೇರೆ ಬೇರೆ ಹೇಳಿದಾಗ ಏನು ಮಾಡಬೇಕು ಅನ್ನುವುದನ್ನು ಯಾರೂ ಬರೆದಿರುವುದಿಲ್ಲ. ಟುಪೋಲೆವ್‌ನವರಿಗೆ ಅದನ್ನು ನಿರ್ಧರಿಸಲು 36 ಸೆಕೆಂಡು ಸಿಕ್ಕಿತು. ಅದೂ ಮೂಗು ಆಗಲೇ ಕೆಳಗೆ ತಿರುಗಿದ ಮೇಲೆ, ಕಿವಿಯಲ್ಲಿ ಒಬ್ಬ ಮನುಷ್ಯ ಗಟ್ಟಿಯಾಗಿ ಅದೇ ಆದೇಶವನ್ನು ಮತ್ತೆ ಹೇಳುತ್ತಿರುವಾಗ.

ಅವರಿಗೂ ಕಂಟ್ರೋಲರ್‌ಗೂ ಗೊತ್ತಿಲ್ಲದ ಸಂಗತಿ ಒಂದೇ ಆಗಿತ್ತು. ಬೋಯಿಂಗ್‌ನ ಟಿಕಾಸ್ ಬೋಯಿಂಗ್‌ಗೆ ಏನು ಹೇಳಿದೆ ಅನ್ನುವುದು. ತಮ್ಮ ಯಂತ್ರ ‘ಏರಿ’ ಅಂದರೆ ಎದುರಿನ ಯಂತ್ರ ‘ಇಳಿಯಿರಿ’ ಅಂದಿರಲೇಬೇಕು ಅಂತ ಪೈಲಟ್‌ಗಳು ಊಹಿಸಬಹುದಿತ್ತು. ಪುಸ್ತಕದಲ್ಲಿ ಓದಿದ ಆ ವಿವರ ಅಂಥ ಕ್ಷಣದಲ್ಲಿ ತಾನಾಗಿ ನೆನಪಿಗೆ ಬರಬೇಕಾದರೆ ಅದನ್ನು ಕೈ ಪಳಗುವವರೆಗೆ ಅಭ್ಯಾಸ ಮಾಡಿಸಿರಬೇಕು. ಕಂಟ್ರೋಲರ್‌ಗಂತೂ ಊಹಿಸುವ ದಾರಿಯೇ ಇರಲಿಲ್ಲ. ಟಿಕಾಸ್ ವಿಮಾನದಿಂದ ವಿಮಾನಕ್ಕೆ ಮಾತಾಡುತ್ತದೆ, ನೆಲಕ್ಕೆ ಹೇಳುವುದಿಲ್ಲ. ಪೈಲಟ್ ಬಾಯಿಬಿಟ್ಟು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಂಥದ್ದು ಆಗಬಹುದು ಅನ್ನುವುದು ಗೊತ್ತಿರದ ಸಂಗತಿಯೇನಲ್ಲ. 2001ರ ಜನವರಿ 31ರಂದು ಜಪಾನಿನ ಆಕಾಶದಲ್ಲಿ ಜಪಾನ್ ಏರ್‌ಲೈನ್ಸ್‌ನ ಎರಡು ವಿಮಾನಗಳು ಎದುರಾದವು. ಒಂದು ಜಂಬೊ, ಒಂದು ಡಿಸಿ 10. ಎರಡರಲ್ಲೂ ಸೇರಿ 677 ಜನ. ಕಂಟ್ರೋಲರ್ ವಿಮಾನದ ಸಂಖ್ಯೆ ಅದಲುಬದಲು ಮಾಡಿ ಜಂಬೊಗೆ ಇಳಿಯಲು ಹೇಳಿದರು. ಅದರ ಟಿಕಾಸ್ ಏರಲು ಹೇಳಿತು. ಪೈಲಟ್ ಇಳಿದರು. ಡಿಸಿ 10 ತನ್ನ ಟಿಕಾಸ್ ಮಾತು ಕೇಳಿ ಇಳಿಯತೊಡಗಿತ್ತು. ಉಬರ್ಲಿಂಗೆನ್‌ನ ಹಾಗೆಯೇ. ವ್ಯತ್ಯಾಸ ಇಷ್ಟೆ: ಅಲ್ಲಿ ಹಗಲಿತ್ತು, ಪೈಲಟ್‌ಗಳು ಕೊನೇ ಕ್ಷಣದಲ್ಲಿ ಕಣ್ಣಲ್ಲಿ ನೋಡಿ ತಪ್ಪಿಸಿದರು. ಜಂಬೊದಲ್ಲಿ ಹಲವರಿಗೆ ಪೆಟ್ಟಾಯಿತು, ಯಾರೂ ಸಾಯಲಿಲ್ಲ. ಜಪಾನ್ ತನಿಖೆಯ ವರದಿ ಹೊರಬಂದದ್ದು 2002ರ ಜುಲೈನಲ್ಲಿ, ಉಬರ್ಲಿಂಗೆನ್ ಆಗಿ ಕೆಲವೇ ದಿನಗಳಲ್ಲಿ.

ತಿದ್ದಿದ್ದು ಏನು

ಅಂತಾರಾಷ್ಟ್ರೀಯ ನಿಯಮ 2003ರ ನವೆಂಬರ್‌ನಲ್ಲಿ ಬದಲಾಯಿತು. ಟಿಕಾಸ್ ಏರು ಅಥವಾ ಇಳಿ ಎಂದು ಸಲಹೆ ಕೊಟ್ಟರೆ ಪೈಲಟ್ ಅದನ್ನೇ ಪಾಲಿಸಬೇಕು, ಕಂಟ್ರೋಲರ್ ಬೇರೆ ಹೇಳಿದರೂ ಸರಿ. ಪೈಲಟ್ ‘ಟಿಕಾಸ್ ಆರ್‌ಎ’ ಅಂತ ರೇಡಿಯೋದಲ್ಲಿ ಹೇಳಿದ ಕೂಡಲೇ ಕಂಟ್ರೋಲರ್ ಆ ವಿಮಾನದ ದಾರಿ ಬದಲಿಸುವ ಪ್ರಯತ್ನ ಬಿಡಬೇಕು. ಆರ್‌ಎ ಅಂದರೆ ಯಂತ್ರ ಕೊಟ್ಟ ಪಾರಾಗುವ ಸಲಹೆ.

ಇದನ್ನು ಯಂತ್ರವೇ ಮೇಲು ಅನ್ನುವ ತೀರ್ಪಾಗಿ ಓದುವವರು ಬಹಳ. ನಾನು ಹಾಗೆ ಓದುವುದಿಲ್ಲ. ಕೊನೆಯ ಅರ್ಧ ನಿಮಿಷದಲ್ಲಿ ಟಿಕಾಸ್‌ಗೆ ಎರಡು ಅನುಕೂಲಗಳಿವೆ. ಅದರ ಮಾಹಿತಿ ಸೆಕೆಂಡಿಗೊಮ್ಮೆ ಹೊಸದಾಗುತ್ತದೆ, ಎದುರಿನ ವಿಮಾನದ ಜೊತೆ ಒಪ್ಪಂದ ಮಾಡಿಕೊಂಡೇ ಅದು ಮಾತಾಡುತ್ತದೆ. ಆ ಅರ್ಧ ನಿಮಿಷದ ಆಚೆ ಅದಕ್ಕೆ ಏನೂ ತಿಳಿಯದು. ಯಾವ ವಿಮಾನ ಎಲ್ಲಿಗೆ ಹೊರಟಿದೆ, ಹವಾಮಾನ ಹೇಗಿದೆ, ಯಾರನ್ನು ಮೊದಲು ಇಳಿಸಬೇಕು, ಇವೆಲ್ಲ ಕಂಟ್ರೋಲರ್ ಕೆಲಸ. ಹಾಗಾಗಿ ನಿಯಮ ಮಾಡಿದ್ದು ಒಂದು ಗೆರೆ ಎಳೆಯುವ ಕೆಲಸ. ಈ ಗೆರೆಯಿಂದ ಆಚೆ ಯಂತ್ರದ ಮಾತು, ಈಚೆ ಮನುಷ್ಯನ ಮಾತು. ಬೇರೆ ಕಡೆ ಬೇರೆ ಯಂತ್ರಕ್ಕೆ ಇದೇ ಗೆರೆ ಹೊಂದುವುದಿಲ್ಲ. 2018 ಮತ್ತು 2019ರಲ್ಲಿ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ಬಿದ್ದಾಗ, ಒಂದು ಕೆಟ್ಟ ಸೆನ್ಸರ್ ನಂಬಿ ಮೂಗನ್ನು ಮತ್ತೆ ಮತ್ತೆ ಕೆಳಗೆ ತಳ್ಳಿದ್ದು ಕಂಪ್ಯೂಟರೇ. ಪೈಲಟ್‌ಗಳು ಅದರ ವಿರುದ್ಧ ಹೋರಾಡುತ್ತಿದ್ದರು.

ಯಂತ್ರವನ್ನೂ ತಿದ್ದಿದರು, ಅದರಲ್ಲಿ ಎರಡು ಬದಲಾವಣೆ ಗಮನಿಸಬೇಕಾದವು. ಟಿಕಾಸ್ ತನ್ನ ಸಲಹೆಯನ್ನು ಮಧ್ಯದಲ್ಲಿ ತಿರುಗಿಸಬಲ್ಲದು. ಎದುರಿನವನು ಹೇಳಿದ ಹಾಗೆ ಕೇಳುತ್ತಿಲ್ಲ ಅಂತ ಗೊತ್ತಾದರೆ, ‘ನೀನು ಇಳಿ’ ಅಂದದ್ದನ್ನು ‘ನೀನು ಏರು’ ಅಂತ ಬದಲಿಸಬಹುದು. ಆದರೆ ಎರಡೂ ವಿಮಾನ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಜೊತೆಜೊತೆಗೇ ಇಳಿಯುತ್ತಿದ್ದರೆ ಆಗಿನ 7.0 ಆವೃತ್ತಿ ತಿರುಗಿಸುತ್ತಿರಲಿಲ್ಲ. ಉಬರ್ಲಿಂಗೆನ್‌ನಲ್ಲಿ ಆದದ್ದು ಸರಿಯಾಗಿ ಅದೇ. ಯುರೋಪಿನ ಯುರೋಕಂಟ್ರೋಲ್ ಸಂಸ್ಥೆ ಈ ದೋಷವನ್ನು ಅಪಘಾತಕ್ಕೆ ಮೊದಲೇ, 2000ದಲ್ಲೇ ಗುರುತಿಸಿತ್ತು. ತಿದ್ದಿದ 7.1 ಆವೃತ್ತಿಯ ಮಾನದಂಡ ಬಂದದ್ದು 2008ರಲ್ಲಿ. ಯುರೋಪಿನ ಎಲ್ಲ ದೊಡ್ಡ ವಿಮಾನಗಳಲ್ಲೂ ಅದು ಇರಲೇಬೇಕು ಅಂತ ಆದದ್ದು 2015ರ ಡಿಸೆಂಬರ್‌ಗೆ. ದೋಷ ಕಂಡು ಹದಿನೈದು ವರ್ಷ.

ಎರಡನೆಯದು ಚಿಕ್ಕದು, ನನಗೆ ತುಂಬ ಇಷ್ಟವಾದದ್ದು. ಹಳೆಯ ಟಿಕಾಸ್‌ನಲ್ಲಿ ‘ಲಂಬ ವೇಗ ಸರಿಪಡಿಸಿಕೊಳ್ಳಿ’ ಅನ್ನುವ ಅರ್ಥದ ಒಂದು ಸಲಹೆ ಇತ್ತು. ಏರುವ ಅಥವಾ ಇಳಿಯುವ ವೇಗ ಕಡಿಮೆ ಮಾಡಿ ಅಂತ ಅದರ ಉದ್ದೇಶ. ಆದರೆ ಕೆಲವು ಪೈಲಟ್‌ಗಳು ಅದನ್ನು ಕೇಳಿ ತದ್ವಿರುದ್ಧ ಮಾಡಿ, ಏರುತ್ತಿದ್ದವರು ಇನ್ನೂ ಜೋರಾಗಿ ಏರಿದ ಪ್ರಸಂಗಗಳು ನಡೆದವು. ಇವರಿಗೆ ತರಬೇತಿ ಸಾಲದು ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. 7.1ರಲ್ಲಿ ಆ ಸಲಹೆಯನ್ನೇ ಕಿತ್ತು ‘ಮಟ್ಟಕ್ಕೆ ಬನ್ನಿ’ ಅಂತ ಹಾಕಿದರು. ಏರುವುದೂ ಬೇಡ, ಇಳಿಯುವುದೂ ಬೇಡ, ಇದ್ದಲ್ಲೇ ಇರಿ. ನಿದ್ದೆಗಣ್ಣಲ್ಲೂ ತಪ್ಪಾಗಿ ಕೇಳಿಸದ ಮಾತು.

ಜ್ಯೂರಿಕ್‌ನ ಕಡೆ ಏನಾಯಿತು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಬೇಸರವಾಗುವ ಕತೆ ಅದು. ಆ ರಾತ್ರಿಯ ಕಂಟ್ರೋಲರನ್ನು 2004ರ ಫೆಬ್ರುವರಿಯಲ್ಲಿ, ಅಪಘಾತದಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕಳೆದುಕೊಂಡ ವ್ಯಕ್ತಿಯೊಬ್ಬ ಅವರ ಮನೆಯ ಬಾಗಿಲಲ್ಲೇ ಇರಿದು ಕೊಂದ. ತನಿಖಾ ವರದಿ ಹೊರಬಂದದ್ದು ಅದಾದ ಮೇಲೆ, ಮೇ ತಿಂಗಳಲ್ಲಿ. ರಾತ್ರಿ ಒಬ್ಬರೇ ಇರುವುದನ್ನು ವರ್ಷಗಟ್ಟಲೆ ಸಹಿಸಿಕೊಂಡದ್ದು ಆಡಳಿತದ ಲೋಪ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಟಿಕಾಸನ್ನು ವಿಮಾನಯಾನ ವ್ಯವಸ್ಥೆಯೊಳಗೆ ಸರಿಯಾಗಿ ಸೇರಿಸಿರಲಿಲ್ಲ, ನಿಯಮಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ ಅಂತಲೂ ಇದೆ. 2007ರಲ್ಲಿ ಸ್ವಿಸ್ ನ್ಯಾಯಾಲಯ ಸ್ಕೈಗೈಡ್‌ನ ಎಂಟು ಸಿಬ್ಬಂದಿಯಲ್ಲಿ ನಾಲ್ವರನ್ನು ತಪ್ಪಿತಸ್ಥರು ಅಂದಿತು.

ನಮ್ಮ ಆಕಾಶ

ಭಾರತಕ್ಕೆ ಈ ಉಪಕರಣ ಬಂದದ್ದೂ ದುರಂತದ ದಾರಿಯಲ್ಲೇ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಜಂಬೊ ಮತ್ತು ಕಜಕಿಸ್ತಾನದ ಇಲ್ಯುಷಿನ್ 76 ಡಿಕ್ಕಿಯಾಗಿ 349 ಜನ ಸತ್ತರು. ಎರಡರಲ್ಲೂ ಟಿಕಾಸ್ ಇರಲಿಲ್ಲ. ದೆಹಲಿಯ ಆಗಿನ ರೇಡಾರ್‌ನಲ್ಲಿ ವಿಮಾನದ ಎತ್ತರವೇ ಕಾಣುತ್ತಿರಲಿಲ್ಲ, ಪೈಲಟ್ ಹೇಳಿದ್ದನ್ನು ನಂಬಬೇಕಿತ್ತು. ಅದಾದ ಮೇಲೆ ಭಾರತದ ಆಕಾಶದಲ್ಲಿ ಟಿಕಾಸ್ ಕಡ್ಡಾಯವಾಯಿತು.

ಅದರ ಫಲ ಬೆಂಗಳೂರಿನ ವಾಯುಪ್ರದೇಶದಲ್ಲೇ ಒಮ್ಮೆ ಕಂಡಿತು. 2018ರ ಜುಲೈ 10ರಂದು ಕೊಯಮತ್ತೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಒಂದು ವಿಮಾನ, ಬೆಂಗಳೂರಿನಿಂದ ಕೊಚ್ಚಿಗೆ ಹೋಗುತ್ತಿದ್ದ ಇನ್ನೊಂದು, ತೀರಾ ಹತ್ತಿರ ಬಂದವು. ಎರಡೂ ಕಾಕ್‌ಪಿಟ್‌ಗಳಲ್ಲಿ ಟಿಕಾಸ್ ಕೂಗಿತು, ಪೈಲಟ್‌ಗಳು ಹೇಳಿದ ಹಾಗೆ ಮಾಡಿದರು, ವಿಮಾನಗಳು ದೂರವಾದವು.

2022ರ ಜನವರಿ 7ರಂದು ಅದೇ ಬೆಂಗಳೂರಿನಲ್ಲಿ ಆದದ್ದು ಇದಕ್ಕೆ ಉಲ್ಟಾ. ಅಕ್ಕಪಕ್ಕದ ಎರಡು ರನ್‌ವೇಗಳಿಂದ ಎರಡು ವಿಮಾನಗಳು ಒಂದೇ ಹೊತ್ತಿಗೆ ಮೇಲೇರಿದವು. ಒಂದು ರನ್‌ವೇ ಬಳಸುವುದು ನಿಲ್ಲಿಸಿದ್ದೇವೆ ಅನ್ನುವ ಸುದ್ದಿ ಆ ರನ್‌ವೇ ನೋಡಿಕೊಳ್ಳುತ್ತಿದ್ದವರಿಗೆ ತಲುಪಿರಲಿಲ್ಲ. ಎರಡೂ ಒಂದರ ದಾರಿಯ ಕಡೆಗೆ ಇನ್ನೊಂದು ವಾಲುತ್ತಿದ್ದವು. ನೆಲಕ್ಕೆ ಹತ್ತಿರ ಇರುವಾಗ ಟಿಕಾಸ್ ಕೈಕಟ್ಟಿಕೊಂಡಿರುತ್ತದೆ. ಸುಮಾರು 1000 ಅಡಿಗಿಂತ ಕೆಳಗೆ ಅದು ಏರು, ಇಳಿ ಅಂತ ಸಲಹೆ ಕೊಡುವುದಿಲ್ಲ, ಅಷ್ಟು ಕೆಳಗೆ ಇಳಿಯಲು ಹೇಳಿದರೆ ನೆಲವೇ ಅಪಾಯ. ಅವತ್ತು ಅಪಾಯವನ್ನು ಗಮನಿಸಿ ಎರಡೂ ವಿಮಾನಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದು ರೇಡಾರ್ ಮುಂದೆ ಕೂತಿದ್ದ ಒಬ್ಬ ಕಂಟ್ರೋಲರ್.

ಟಿಕಾಸ್ ಏನು ಹೇಳಿತು ಅನ್ನುವುದನ್ನು ಕಂಟ್ರೋಲರ್ ಪರದೆಯ ಮೇಲೆ ತಾನಾಗಿ ತೋರಿಸಬೇಕಾ ಬೇಡವಾ ಅನ್ನುವ ಚರ್ಚೆ ಉಬರ್ಲಿಂಗೆನ್ ಆದಾಗಿನಿಂದ ನಡೆಯುತ್ತಲೇ ಇದೆ. ತಂತ್ರಜ್ಞಾನ ಇದೆ, ಕೆಲವು ಕೇಂದ್ರಗಳು ಹಾಕಿಕೊಂಡಿವೆ. ಬೇಡ ಅನ್ನುವವರ ಕಾರಣವೂ ಹಗುರವಾದದ್ದಲ್ಲ. ಪರದೆಯಲ್ಲಿ ಆರ್‌ಎ ಕಾಣಿಸಿತು, ಪೈಲಟ್ ಇನ್ನೂ ಏನೂ ಹೇಳಿಲ್ಲ, ವಿಮಾನ ಆ ಸಲಹೆಯಂತೆ ಹೋಗುತ್ತಿರುವ ಹಾಗೂ ಕಾಣುತ್ತಿಲ್ಲ. ಆ ಹೊತ್ತಿನಲ್ಲಿ ಆ ವಿಮಾನದ ಜವಾಬ್ದಾರಿ ಯಾರದ್ದು? ಕಂಟ್ರೋಲರ್ ಬಾಯಿ ಮುಚ್ಚಿಕೊಂಡಿರಬೇಕಾ, ಆದೇಶ ಕೊಡಬೇಕಾ? ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ಹಾಗಾಗಿ ಹೆಚ್ಚಿನ ಕಡೆ ಇವತ್ತಿಗೂ ನಂಬಿಕೊಂಡಿರುವುದು ಪೈಲಟ್ ರೇಡಿಯೋದಲ್ಲಿ ಹೇಳುವ ಆ ಎರಡು ಪದಗಳನ್ನೇ.